ಮೈಕದವನ ಲ್ಯಾಪ್‌ಟಾಪ್

ಗಂಟಲಿನ ಡಾಕ್ಟರು ಕನ್ನಡಿ ಇರುವ ಸಪೂರ ಕಡ್ಡಿಯೊಂದನ್ನು ನನ್ನ ಬಾಯಿಯೊಳಗೆ ಇಳಿಸಿ, ಬಹಳ ಹೊತ್ತು ನೋಡಿ, ಕೈ ತೊಳೆದು ಬಂದು, ಏನು ಕೆಲಸ ಎಂದು ಕೇಳಿದರು. ಮಾತಾಡುವ ಕೆಲಸ ಎಂದೆ. ಮೇಷ್ಟ್ರಾ ಎಂದರು. ಅಲ್ಲ, ಜೀಪಿನಲ್ಲಿ ಕೂತು ಮೈಕದಲ್ಲಿ ಹೇಳಿಕೊಂಡು ಹೋಗುವುದು ಎಂದೆ. ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಸ್ವರತಂತುಗಳ ಮೇಲೆ ಗಂಟು ಎದ್ದಿದೆ, ಹೀಗೆಯೇ ಕಿರುಚುತ್ತ ಹೋದರೆ ಮುಂದೆ ಹೆಂಡತಿಯನ್ನು ಕರೆಯಲಿಕ್ಕೂ ಚಪ್ಪಾಳೆ ತಟ್ಟಬೇಕಾದೀತು ಎಂದರು. ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಆ ಮಾತು ಅಷ್ಟೇನೂ ಕೆಟ್ಟದಾಗಿ ಕೇಳಿಸಿರಲಿಕ್ಕಿಲ್ಲ.

ಮೈಕದವ ಎಂಬುದು ನನ್ನ ಹೆಸರೇ ಆಗಿಬಿಟ್ಟಿತ್ತು. ತೊಂಬತ್ತರ ದಶಕದ ಮೊದಲಿನಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ನಡುವಿನ ರಸ್ತೆಗಳಲ್ಲಿ ಯಾವ ತುಳು ನಾಟಕ, ಯಾವ ಯಕ್ಷಗಾನ ಬಯಲಾಟ, ಯಾವ ವಾಲಿಬಾಲ್ ಪಂದ್ಯಾಟ, ಯಾವ ಕಣ್ಣಿನ ತಪಾಸಣೆ ಶಿಬಿರ ಇದ್ದರೂ ಅದನ್ನು ಜನರಿಗೆ ಸಾರುವವನು ನಾನು. ತಲೆಯ ಮೇಲೆ ಎರಡು ಹಾರ್ನ್ ಸ್ಪೀಕರ್ ಹೊತ್ತ ಹಳೆಯ ಜೀಪು. ಎಡಗಡೆಯ ಸೀಟಿನಲ್ಲಿ ಮೈಕ ಹಿಡಿದ ನಾನು, ಬಲಗಡೆ ಸ್ಟಿಯರಿಂಗ್ ಹಿಡಿದ ಕಾಕ. ನಮ್ಮ ಕಡೆ ಹಿರಿಯ ಬ್ಯಾರಿ ಮುಸ್ಲಿಮರನ್ನು ಕಾಕ ಎಂದು ಕರೆಯುವುದು ರೂಢಿ. ಪಾಣೆಮಂಗಳೂರಿನ ಆ ಕಾಕನನ್ನು ನಾನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಜೀಪು ಅವರದು, ಸ್ವರ ನನ್ನದು. ಅವರಿಲ್ಲದೆ ನನ್ನ ಸ್ವರ ಮೆಲ್ಕಾರಿನ ನನ್ನ ಮನೆಯ ಅಂಗಳ ದಾಟುತ್ತಿರಲಿಲ್ಲ. ನಾನಿಲ್ಲದೆ ಅವರ ಜೀಪಿಗೆ ಸುಣ್ಣದ ಚೀಲ ಹೊರುವುದು ಬಿಟ್ಟರೆ ಬೇರೆ ಗತಿ ಇರಲಿಲ್ಲ.

ಹೊರಗಿನಿಂದ ನೋಡುವವರಿಗೆ ಇದು ಬರೇ ಬೊಬ್ಬೆ ಹೊಡೆಯುವ ಕೆಲಸ. ಆದರೆ ಜೀಪು ಒಂದು ಮನೆಯ ಗೇಟಿನ ಮುಂದೆ ಬಂದು, ಅದನ್ನು ದಾಟಿ ಮುಂದೆ ಹೋಗುವುದರೊಳಗೆ ಒಂದು ವಾಕ್ಯ ಮುಗಿಯಬೇಕು. ಇಲ್ಲದಿದ್ದರೆ ಆ ಮನೆಯವರಿಗೆ ನಾಟಕದ ಹೆಸರು ಸಿಗುತ್ತದೆ, ಜಾಗ ಸಿಗುವುದಿಲ್ಲ. ಮುಂದಿನ ಮನೆಯವರಿಗೆ ಜಾಗ ಸಿಗುತ್ತದೆ, ದಿನ ಸಿಗುವುದಿಲ್ಲ. ಶುರುವಿಗೆ 'ಆತ್ಮೀಯ ಕಲಾಭಿಮಾನಿಗಳೇ' ಎಂದು ಪುಸ್ತಕದ ಕನ್ನಡ. ಆಮೇಲೆ ತುಳು. ಪಾಣೆಮಂಗಳೂರು ಬಂದರೆ ಕಾಕ ಕಲಿಸಿಕೊಟ್ಟ ಎರಡು ಸಾಲು ಬ್ಯಾರಿ ಭಾಷೆ, ಮೂಡುಬಿದಿರೆ ಪೇಟೆಯಲ್ಲಿ ಸ್ವಲ್ಪ ಕೊಂಕಣಿ. ಮಸೀದಿಯಲ್ಲಿ ಬಾಂಗ್ ಕೊಡುವಾಗ, ಶಾಲೆಯಲ್ಲಿ ಪರೀಕ್ಷೆ ನಡೆಯುವಾಗ, ಸಾವಿನ ಮನೆಯ ಮುಂದೆ ಜನ ಸೇರಿದ್ದಾಗ ಮೈಕ ಬಂದ್. ಇವೆಲ್ಲ ಕಾಕನ ಕಣ್ಣಿಗೆ ನನಗಿಂತ ಮೊದಲೇ ಬೀಳುತ್ತಿದ್ದವು. ಅವರು ಗೇರಿನ ಕೋಲಿನ ಮೇಲೆ ಎರಡು ಸಲ ಬೆರಳು ಬಡಿದರೆ ನಾನು ಬಾಯಿ ಮುಚ್ಚಬೇಕು.

ಆಂಪ್ಲಿಫೈಯರ್ ಇರುವಾಗ ಅಷ್ಟು ಕಿರುಚುವುದು ಯಾಕೆ ಎಂದು ಡಾಕ್ಟರು ಕೇಳಿದ್ದರು. ನಾಟಕಕ್ಕೆ ಜನರನ್ನು ಕರೆಯುವುದು ಕಿವಿಯಲ್ಲಿ ಗುಟ್ಟು ಹೇಳಿದ ಹಾಗಲ್ಲ, ಕುತ್ತಿಗೆಯ ನರ ಉಬ್ಬಿದರೇ ಜನ ಬರುವುದು ಎಂದು ನಾನು ನಂಬಿದ್ದೆ.

ಈಗ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗಂಟಲು ಉಳಿಯಬೇಕು, ಕೆಲಸವೂ ಉಳಿಯಬೇಕು. ಅಷ್ಟು ಹೊತ್ತಿಗೆ ಬೇರೆ ಜೀಪುಗಳಲ್ಲಿ ಸಿ.ಡಿ. ಬಂದಿತ್ತು. ಒಮ್ಮೆ ಹೇಳಿ ರೆಕಾರ್ಡ್ ಮಾಡಿದರೆ ದಿನವಿಡೀ ಅದೇ ತಿರುಗುತ್ತಿರುತ್ತದೆ. ಅಂಥ ಜೀಪು ಎದುರು ಬಂದ ದಿನವೆಲ್ಲ ನಾನು, ಹೆಣದ ಬಾಯಲ್ಲಿ ಮಾತಾಡಿಸಿದ ಹಾಗೆ ಉಂಟು ಎಂದು ಚಾ ಕುಡಿಯುವಾಗ ಕಾಕನಿಗೆ ಹೇಳಿ ನಗುತ್ತಿದ್ದೆ. ಈಗ ಆ ನಗು ನನ್ನ ಕುತ್ತಿಗೆಗೇ ಬಂತು. ಒಂದು ತಿಂಗಳು ಪೂರ್ತಿ ಮೌನ, ಆಮೇಲೆ ಸ್ವಲ್ಪ ಸ್ವಲ್ಪ ಮೆಲ್ಲಗೆ ಮಾತಾಡಬಹುದು ಎಂದು ಡಾಕ್ಟರು ಹೇಳಿದ್ದರು. ಮೌನ ಶುರು ಮಾಡುವ ಮೊದಲು ಮುಂದಿನ ಹಂಗಾಮಿನ ನಾಟಕಗಳಿಗೆಲ್ಲ ಆಗುವಷ್ಟು ರೆಕಾರ್ಡ್ ಮಾಡಿಟ್ಟುಬಿಡುವ ಎಂದು ನಾನೂ ಕಾಕನೂ ಮಾತಾಡಿಕೊಂಡೆವು.

ಮೂಡುಬಿದಿರೆಯಲ್ಲಿ ಮದುವೆಯ ವಿಡಿಯೊ ಮಾಡುವವರೊಬ್ಬರ ಸ್ಟುಡಿಯೊ ಇತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಒಂದು ಸಣ್ಣ ಕೋಣೆ, ಎದುರಿಗೆ ಗಾಜು, ಗಾಜಿನ ಆಚೆ ಅವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿ ನನ್ನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. 'ಆತ್ಮೀಯ ಕಲಾಭಿಮಾನಿಗಳೇ' ಎಂದೆ. ಸಂತಾಪ ಸೂಚಕ ನಿರ್ಣಯ ಓದಿದ ಹಾಗೆ ಬಂತು. ಪುನಃ ಎಂದರು. ಪುನಃ ಹೇಳಿದೆ, ಈ ಸಲ ಸಹಕಾರಿ ಸಂಘದ ಮಹಾಸಭೆಯ ವರದಿಯ ಹಾಗೆ ಬಂತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮೂರು ತಾಲೂಕಿಗೆ ಕೇಳುವಂತೆ ಕೂಗಿದವನಿಗೆ ಆ ಗೂಡಿನಲ್ಲಿ ಎದುರಿಗೆ ಒಂದು ಮನೆ ಇಲ್ಲ, ಅಂಗಳದಲ್ಲಿ ಬಟ್ಟೆ ಹರವುವ ಹೆಂಗಸಿಲ್ಲ, ಜೀಪಿನ ಹಿಂದೆ, ನಾವು ಎಸೆದ ನೋಟಿಸು ಹೆಕ್ಕಲಿಕ್ಕೆ ಓಡುವ ಮಕ್ಕಳಿಲ್ಲ. ಯಾರಿಗೆ ಹೇಳುವುದು? ಮಧ್ಯಾಹ್ನದವರೆಗೆ ಕೂತು ಒಂದು ವಾಕ್ಯವನ್ನೂ ಸರಿಯಾಗಿ ಹೇಳಲಾಗದೆ ಹೊರಗೆ ಬಂದೆ.

ಸ್ಟುಡಿಯೊದವರು ಒಳ್ಳೆಯವರು. ನನ್ನ ಬೆನ್ನು ತಟ್ಟಿ, "ನೀವು ಎಲ್ಲಿ ಚಂದ ಮಾತಾಡ್ತೀರೋ ಅಲ್ಲೇ ರೆಕಾರ್ಡ್ ಮಾಡಿ. ಒಂದು ಲ್ಯಾಪ್‌ಟಾಪ್ ತೆಗೊಳ್ಳಿ, ಬೇಕಾದಲ್ಲಿಗೆ ಹೊತ್ತುಕೊಂಡು ಹೋಗ್ಬಹುದು. ಕತ್ತರಿಸಿ ಜೋಡಿಸುದು ಮತ್ತೆ ನಾನು ಮಾಡಿಕೊಡ್ತೇನೆ" ಎಂದರು. ಆ ಮಾತು ಕೇಳುವಾಗ ಬಹಳ ಸುಲಭವಾಗಿತ್ತು. ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ.

ಎಂಥ ಲ್ಯಾಪ್‌ಟಾಪ್ ಎಂದು ಕೇಳಿದೆ. ಅವರು ಹಳೆಯ ಮದುವೆ ಆಲ್ಬಮ್ಮಿನ ರಟ್ಟಿನ ಹಿಂಬದಿಯಲ್ಲಿ ಚಿತ್ರ ಬಿಡಿಸಿ ವಿವರಿಸತೊಡಗಿದರು. ರ್‍ಯಾಮ್ ಎಂದರೆ ಮೇಜು, ಹಾರ್ಡ್ ಡಿಸ್ಕ್ ಎಂದರೆ ಕಪಾಟು, ಪ್ರೊಸೆಸರ್ ಎಂದರೆ ಮೇಜಿನ ಮುಂದೆ ಕೂತು ಕೆಲಸ ಮಾಡುವವನು. ಇಲ್ಲಿಯವರೆಗೆ ಪಂಚಾಯತ್ ಆಫೀಸಿನ ಹಾಗೆ ಉಂಟು ಎಂದು ಧೈರ್ಯ ಬಂತು. ನಾನು ಹೇಳಿದ್ದನ್ನು ಇವರಲ್ಲಿ ಕೇಳಿಸಿಕೊಳ್ಳುವವರು ಯಾರು ಎಂದು ವಿಚಾರಿಸಿದೆ. ಅದು ಸೌಂಡ್ ಕಾರ್ಡ್ ಎಂದರು. ಹಾಗಾದರೆ ಅದು ಒಳ್ಳೆಯದಿರುವ ಲ್ಯಾಪ್‌ಟಾಪ್ ಯಾವುದು? ಯಾವುದರಲ್ಲಿಯೂ ಇಲ್ಲ, ಅದಕ್ಕೆ ಹೊರಗಿನಿಂದ ಬೇರೆ ಒಂದು ಡಬ್ಬಿ ಸಿಕ್ಕಿಸಬೇಕು ಎಂದರು. ಕೇಳಲಿಕ್ಕೆ ಬಾರದ ಯಂತ್ರವನ್ನು ಕೇಳಿಸಲಿಕ್ಕೆ ಯಾಕೆ ತೆಗೆದುಕೊಳ್ಳುವುದು ಎಂಬ ನನ್ನ ಪ್ರಶ್ನೆಗೆ ಅವರು ಬಹಳ ತಾಳ್ಮೆಯಿಂದ ಮೊದಲಿನಿಂದ ಶುರು ಮಾಡಿದರು. ಎರಡನೆಯ ಸಲ ಮೇಜೂ ಕಪಾಟೂ ಕಲಸಿಹೋದವು.

ಕಾಕನ ಅಳಿಯ ಗಲ್ಫಿನಲ್ಲಿದ್ದ. ಶುಕ್ರವಾರ ನಮಾಜು ಮುಗಿಸಿ ಮನೆಗೆ ಫೋನ್ ಮಾಡುವುದು ಅವನ ಕ್ರಮ. ಆ ಹೊತ್ತಿಗೆ ನಾನು ಪಾಣೆಮಂಗಳೂರಿಗೆ ಹೋಗಿ ಕೂತೆ. ಮಗಳು, ಅತ್ತೆ, ಮಾವ ಎಲ್ಲರ ಮಾತು ಆದ ಮೇಲೆ ಫೋನು ನನ್ನ ಕೈಗೆ ಬಂತು. ಅವನಿಗೆ ನನ್ನ ಮೇಲೆ ಪ್ರೀತಿ, ಸಣ್ಣವನಿರುವಾಗ ನನ್ನ ಜೀಪಿನ ಹಿಂದೆ ಓಡಿದವನಂತೆ. ಸೌಂಡ್ ಕಾರ್ಡ್ ಎಲ್ಲ ಬಿಡಿ, ಪ್ರೊಸೆಸರ್ ಜೋರು ಇರಬೇಕು, ಇಲ್ಲಿಂದ ಬರುವವರ ಕೈಯಲ್ಲಿ ಕಳಿಸುತ್ತೇನೆ, ಸಿನೆಮಾ ಥಿಯೇಟರಿನ ಹಾಗೆ ಪರದೆ ಉಂಟು ಎಂದ. ನನ್ನ ಸ್ವರಕ್ಕೆ ಪರದೆ ಯಾಕೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಲೈನು ಕಟ್ಟಾಯಿತು.

ಅದನ್ನು ಮೂಡುಬಿದಿರೆಯಲ್ಲಿ ಹೇಳಿದರೆ ಸ್ಟುಡಿಯೊದವರು ತಲೆ ಅಲ್ಲಾಡಿಸಿದರು. ಪ್ರೊಸೆಸರ್ ಜೋರಾದಷ್ಟೂ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಬಿಸಿಯಾದರೆ ಒಳಗಿನ ಫ್ಯಾನು ತಿರುಗುತ್ತದೆ, ತಿರುಗಿದರೆ ಆ ಸದ್ದು ರೆಕಾರ್ಡಿನಲ್ಲಿ ಬರುತ್ತದೆ. ಹಾಗಾದರೆ ಮೆಲ್ಲನೆಯದು ತೆಗೆದುಕೊಳ್ಳುವ ಎಂದೆ. ಮೆಲ್ಲನೆಯದಾದರೆ ಮಾತಿನ ನಡುನಡುವೆ ತುಂಡಾಗಿ ಟಿಕ್ ಟಿಕ್ ಎನ್ನುತ್ತದೆ ಎಂದರು. ಅಂದರೆ ಒಳ್ಳೆಯದು ತೆಗೆದುಕೊಂಡರೆ ಕೆಟ್ಟದು, ಕೆಟ್ಟದು ತೆಗೆದುಕೊಂಡರೂ ಕೆಟ್ಟದು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುತ್ತಾರಲ್ಲ, ಆ ಎರಡಕ್ಕೂ ಕಟ್ಟಿದ ನೇಗಿಲು ನಾನಾಗಿದ್ದೆ. ಮನೆಯಲ್ಲಿ ಹೆಂಡತಿ, ಅಟ್ಟದಲ್ಲಿ ಟೇಪ್‌ರೆಕಾರ್ಡರ್ ಉಂಟಲ್ಲ, ಅದಕ್ಕೆ ಎಂತ ಆಗಿದೆ ಎಂದು ದಿನಕ್ಕೊಮ್ಮೆ ನೆನಪು ಮಾಡುತ್ತಿದ್ದಳು. ನಾಟಕದವರು ಕೊನೆಯ ಗಳಿಗೆಯಲ್ಲಿ ಶನಿವಾರವನ್ನು ಆದಿತ್ಯವಾರ ಮಾಡುತ್ತಾರೆ, ಆಗ ಟೇಪಿನಲ್ಲಿ ಆ ಒಂದು ಶಬ್ದ ಮಾತ್ರ ಬದಲಿಸಲಿಕ್ಕೆ ಆಗುವುದಿಲ್ಲ ಎಂದು ವಿವರಿಸಿದೆ. ಹೇಳುತ್ತಿರುವಾಗ ಅದು ನಿಜವಾ, ಯಾರೋ ಹೇಳಿದ್ದಾ ಎಂದು ನನಗೇ ಸಂಶಯ ಬಂತು.

ಕೊನೆಗೆ ಗಲ್ಫಿನಿಂದ ಬರುವವರು ಬರುವುದು ತಡವಾಗುತ್ತದೆಂದು ಗೊತ್ತಾಗಿ, ಮೂಡುಬಿದಿರೆಯ ಒಂದು ಕಂಪ್ಯೂಟರ್ ಅಂಗಡಿಗೇ ಹೋಗುವುದೆಂದಾಯಿತು. ನಾನು ಕಾಕನನ್ನು ಕರೆದುಕೊಂಡು ಹೋದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ರ್‍ಯಾಮು, ಕಾರ್ಡು ನನಗೆ ಅರ್ಥವಾಗುವುದಿಲ್ಲ, ಒಪ್ಪಿದೆ. ಆದರೆ ನನ್ನ ಸ್ವರ ಹೇಗಿದೆ ಎಂಬುದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಕಾಕನಿಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಪಕ್ಕದಲ್ಲಿ ಕೂತು ಅವರಷ್ಟು ಅದನ್ನು ಕೇಳಿದವರು ನನ್ನ ಹೆತ್ತವರೂ ಅಲ್ಲ, ಹೆಂಡತಿಯೂ ಅಲ್ಲ. ಯಾವ ಲ್ಯಾಪ್‌ಟಾಪಿನಲ್ಲಿ ನನ್ನ ಸ್ವರ ನನ್ನದರ ಹಾಗೆಯೇ ಬರುತ್ತದೆ ಎಂದು ಅವರು ಹೇಳಲಿ, ಅದನ್ನೇ ತೆಗೆದುಕೊಳ್ಳುವುದು. ಈ ಉಪಾಯ ಹೊಳೆದ ದಿನ ಬಹಳ ಕಾಲದ ನಂತರ ನನಗೆ ಒಳ್ಳೆಯ ನಿದ್ರೆ ಬಂತು.

ಅಂಗಡಿಯವರು ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್ ಇಟ್ಟರು. ಮೂರರಲ್ಲೂ ಸಿನೆಮಾ ಹಾಡು ಹಾಕಿ ತೋರಿಸಿದರು. ಹಾಡು ಹೇಳುವುದನ್ನು ನೋಡಬೇಕಾಗಿಲ್ಲ, ಕೇಳುವುದನ್ನು ನೋಡಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಮೈಕವನ್ನೇ ಚೀಲದಿಂದ ತೆಗೆದೆ. ಅದರ ದಪ್ಪ ಪಿನ್ನು ಆ ಸಣ್ಣ ತೂತಿಗೆ ಹೋಗುವುದಿಲ್ಲ ಎಂದು ಅವರು ಎಲ್ಲಿಂದಲೋ ಒಂದು ಜೋಡಿಸುವ ಪಿನ್ನು ಹುಡುಕಿ ತಂದರು. ಆಮೇಲೆ ನಾನು ಆ ಅಂಗಡಿಯ ನಡುವೆ ನಿಂತು, ಎದುರಿನ ರಸ್ತೆಯಲ್ಲಿ ಹೋಗುವ ಬಸ್ಸನ್ನು ನೋಡಿಕೊಂಡು, ಒಂದೊಂದಕ್ಕೂ ಒಂದೊಂದು ಸಲ ನಾಟಕದ ಪ್ರಚಾರ ಮಾಡಿದೆ. ಮೊದಲನೆಯದಕ್ಕೆ ಪಕ್ಕದ ಜೆರಾಕ್ಸ್ ಅಂಗಡಿಯವರು ಎದ್ದು ಬಂದರು. ಮೂರನೆಯದು ಮುಗಿಯುವಾಗ ಕಾಲೇಜಿನ ಮಕ್ಕಳು ಬಾಗಿಲಲ್ಲಿ ಗುಂಪು ಕಟ್ಟಿ, ನಾಟಕ ಯಾವತ್ತು ಎಂದು ಕೇಳುತ್ತಿದ್ದರು. ಅಂಥ ನಾಟಕವೇ ಇರಲಿಲ್ಲ.

ಕಾಕ ಹೆಡ್‌ಫೋನ್ ಹಾಕಿಕೊಂಡು ಕೂತರು. ಬಿಳಿ ಟೊಪ್ಪಿಯ ಮೇಲೆ ಆ ಕರಿಯ ಪಟ್ಟಿ. ಕಣ್ಣು ಮುಚ್ಚಿದರು. ಒಂದೊಂದು ಲ್ಯಾಪ್‌ಟಾಪ್ ನನ್ನ ಸ್ವರವನ್ನು ಅವರಿಗೆ ಹೇಳುತ್ತಿರುವಾಗ ಅದರ ಮೈಮೇಲೆ ಅಂಗೈ ಊರಿ ಕೂತರು, ದನದ ಬೆನ್ನ ಮೇಲೆ ಕೈಯಿಟ್ಟ ಹಾಗೆ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೂರೂ ಆದ ಮೇಲೆ ಕಣ್ಣು ತೆರೆದು ನಡುವಿನದ್ದನ್ನು ತೋರಿಸಿ, ಇದು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅಷ್ಟು ದಿನದ ಗೊಂದಲವೆಲ್ಲ ಇಳಿದುಹೋಗಿ ನನಗೆ ಅಳು ಬರುವಷ್ಟು ಹಗುರಾಗಿತ್ತು. ಅಂಗಡಿಯವರು ಮಾತ್ರ, ಮೂರನೆಯದು ಹೊಸ ಮಾಡೆಲ್, ಅದರಲ್ಲಿ ಎಲ್ಲವೂ ಹೆಚ್ಚು ಉಂಟು ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಮನೆಗೆ ತಂದು ಹೊದಿಕೆ ಹೊದ್ದು, ಕಿಟಕಿ ಮುಚ್ಚಿ, ಹೆಂಡತಿಗೆ ಮಿಕ್ಸಿ ಹಾಕಬೇಡ ಎಂದು ಹೇಳಿ ರೆಕಾರ್ಡ್ ಮಾಡಿದರೆ ಮಾತಿನ ಹಿಂದೆ ಒಂದು ಗುಂಯ್ ಎನ್ನುವ ಸದ್ದು. ಫ್ಯಾನು ಎಂದುಕೊಂಡೆ, ಅಲ್ಲ. ಗುಂಗುರು ಎಂದುಕೊಂಡು ಹೊಗೆ ಹಾಕಿದೆ, ಅದೂ ಅಲ್ಲ. ಹೊಗೆಗೆ ಕೆಮ್ಮು ಬಂದು ಗಂಟಲು ಇನ್ನಷ್ಟು ಕೆಟ್ಟಿತು. ಎರಡು ದಿನ ಒದ್ದಾಡಿದ ಮೇಲೆ ಕರೆಂಟು ಹೋದಾಗ ಸದ್ದೂ ಹೋಯಿತು. ಚಾರ್ಜರ್ ಸಿಕ್ಕಿಸಿದರೆ ಮಾತ್ರ ಆ ಗುಂಯ್. ಬ್ಯಾಟರಿಯಲ್ಲೇ ನಡೆಸಬೇಕು, ಬ್ಯಾಟರಿ ಒಂದು ನಾಟಕದ ಮೊದಲ ಅಂಕ ಮುಗಿಯುವಷ್ಟು ಹೊತ್ತು ಬರುತ್ತಿತ್ತು. ಗುಂಯ್ ಇಲ್ಲದಾಗಲೂ ಸ್ವರ ಮಾತ್ರ ಸ್ಟುಡಿಯೊದಲ್ಲಿ ಬಂದ ಹಾಗೆಯೇ, ಮಹಾಸಭೆಯ ವರದಿ. ಲ್ಯಾಪ್‌ಟಾಪಿನದ್ದಲ್ಲ ತಪ್ಪು, ನನ್ನದು ಎಂದು ಅರ್ಥವಾಗಲಿಕ್ಕೆ ನನಗೆ ಮತ್ತೂ ಎರಡು ದಿನ ಬೇಕಾಯಿತು.

ಪರಿಹಾರ ಹೇಳಿದವರು ಕಾಕನೇ. ಜೀಪಿನಲ್ಲಿ ಕೂತು ಮಾಡುವ ಎಂದರು. ಜೀಪು ಓಡುವಾಗ ಇಂಜಿನಿನ ಸದ್ದು ಬರುವುದಿಲ್ಲವಾ ಎಂದೆ. ಓಡುವುದು ಬೇಡ, ನಿಲ್ಲಿಸಿಯೇ ಓಡಿಸುವ ಎಂದರು. ಇವರಿಗೂ ತಲೆ ಕೆಟ್ಟಿತಾ ಎಂದುಕೊಂಡೆ.

ಪಾಣೆಮಂಗಳೂರಿನ ಅವರ ಮನೆಯ ಹಿಂದೆ ಜೀಪು ನಿಲ್ಲಿಸುವ ಶೆಡ್ಡು ಇತ್ತು. ಅದರ ಸುತ್ತ ಗೋಣಿ ಕಟ್ಟಿದೆವು. ಲ್ಯಾಪ್‌ಟಾಪು ಹಿಂದಿನ ಸೀಟಿನಲ್ಲಿ, ಮೈಕ ನನ್ನ ಕೈಯಲ್ಲಿ, ಕಾಕ ಸ್ಟಿಯರಿಂಗ್ ಹಿಡಿದು ಅವರ ಜಾಗದಲ್ಲಿ. ಇಂಜಿನ್ ಬಂದ್. ಕಾಕ ಗೇರು ಹಾಕಿದರು, ಬಿಟ್ಟರು, ಸ್ಟಿಯರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸಿದರು. ಬಂಟ್ವಾಳ ಪೇಟೆಯ ತಿರುವು ಅದು, ನನ್ನ ಮೈಗೆ ಗೊತ್ತಾಯಿತು. ಎದುರಿನ ಗೋಣಿಯಲ್ಲಿ ಅಂಗಡಿಗಳ ಸಾಲು ಕಂಡಿತು ಎಂದರೆ ಸುಳ್ಳಾದೀತು. ಆದರೆ ಬಾಯಿ ತೆರೆದಾಗ ಬಂದದ್ದು ನನ್ನದೇ ಸ್ವರ. ಪೇಟೆ ದಾಟಿ, ಬೆಳ್ತಂಗಡಿಯ ದಾರಿ ಹಿಡಿದು, ಉಜಿರೆಯ ಮೇಲೆ ಮುಂಡಾಜೆಯವರೆಗೆ ಆ ಶೆಡ್ಡಿನಲ್ಲೇ ಹೋದೆವು. ಏರು ಬಂದಲ್ಲಿ ಕಾಕ ಗೇರು ಇಳಿಸಿದರು, ನಾನು ಉಸಿರು ತೆಗೆದುಕೊಂಡೆ. ಶಾಲೆ ಬಂದಲ್ಲಿ ಕೋಲಿನ ಮೇಲೆ ಬೆರಳು ಬಡಿದರು, ನಾನು ನಿಲ್ಲಿಸಿದೆ. ಚಾ ತಂದ ಅವರ ಹೆಂಡತಿ ಗೋಣಿ ಸರಿಸಿ ನೋಡಿ, ಎರಡು ಪ್ರಾಯದ ಗಂಡಸರು ನಿಂತ ಜೀಪಿನಲ್ಲಿ ಹಾರ್ನಿಗೆ ಕೈ ಹಾಕಿಕೊಂಡು ಹೋಗುತ್ತಿರುವುದನ್ನು ಕಂಡು, ಚಾ ಇಟ್ಟು ಹೋದರು.

ಒಂದು ವಾರ ಹೀಗೆ ಸಂಚಾರ ಮಾಡಿ ಊರುಗಳ ಹೆಸರು, ವಾರಗಳ ಹೆಸರು, ನಾಟಕದವರು ಕೊಟ್ಟ ಮಾತುಗಳು ಎಲ್ಲವನ್ನೂ ಹೇಳಿ ಮುಗಿಸಿದೆ. ಸ್ಟುಡಿಯೊದವರು ಕತ್ತರಿಸಿ, ಜೋಡಿಸಿ, ಹಿಂದೆ ಸ್ವಲ್ಪ ಚೆಂಡೆ ಸೇರಿಸಿ ಸಿ.ಡಿ. ಮಾಡಿಕೊಟ್ಟರು. ಮರುದಿನದಿಂದ ನನಗೆ ಮೌನ.

ಆ ಮೌನದ ತಿಂಗಳಿನಲ್ಲಿ ಪಟ್ಟ ಹಾಗೆ ನಾನು ಎಂದೂ ಗೊಂದಲಪಟ್ಟದ್ದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಮೈಯೆಲ್ಲ ಹೊರಡಲು ಸಿದ್ಧವಾಗುತ್ತಿತ್ತು, ಹೋಗಲಿಕ್ಕೆ ಜಾಗ ಇರಲಿಲ್ಲ. ಒಂದು ದಿನ ಜಗಲಿಯಲ್ಲಿ ಕೂತು ಬೆಂಡೆಕಾಯಿ ಕೊಚ್ಚುತ್ತಿರುವಾಗ ದೂರದಿಂದ ನಾನು ಬರುತ್ತಿರುವುದು ಕೇಳಿಸಿತು. 'ಆತ್ಮೀಯ ಕಲಾಭಿಮಾನಿಗಳೇ.' ಹತ್ತಿರ ಬಂದೆ, ಗೇಟಿನ ಮುಂದೆ ಬಂದೆ, ಸಂಸಾರ ಸಮೇತ ಬರಬೇಕೆಂದು ನನ್ನನ್ನೇ ಕರೆದೆ, ದಾಟಿ ಹೋದೆ. ಹೆಂಡತಿ ಒಳಗಿನಿಂದ, "ಕರೀತಾ ಉಂಟು, ನಾವೂ ಹೋಗುವನಾ?" ಎಂದಳು. ಅವಳು ತಮಾಷೆಗೆ ಹೇಳಿದ್ದು. ನನಗೆ ಸಿಟ್ಟು ಬಂದು ಬೆಂಡೆಕಾಯಿಯ ತಟ್ಟೆಯನ್ನು ತಳ್ಳಿಬಿಟ್ಟೆ. ನನ್ನ ಸ್ವರಕ್ಕೆ ನನ್ನ ಅಗತ್ಯವೇ ಇರಲಿಲ್ಲ. ಕಾಕನಿಗೂ ಇಲ್ಲ ಎಂದು ತೋರಿತು. ಸಂಜೆ ಬರುವಾಗ ಅವರು ನನ್ನ ಮನೆಯ ಮುಂದೆ ಒಂದು ಹಾರ್ನ್ ಹಾಕಿ, ಕೈ ಎತ್ತಿ ಹೋಗುತ್ತಿದ್ದರು. ಇಳಿದು ಬಂದು ಎರಡು ಮಾತಾಡಿದ್ದು ಕಡಿಮೆ. ಮೌನದಲ್ಲಿರುವವನ ಹತ್ತಿರ ಏನು ಮಾತಾಡುವುದು ಎಂದು ಅವರು ಎಣಿಸಿರಬೇಕು ಎಂದು ಒಂದು ದಿನ ಅನಿಸಿದರೆ, ಮರುದಿನ, ಕೂಲಿ ಇಲ್ಲದ ಸ್ವರ ಸಿಕ್ಕಿದೆ, ಇನ್ನು ನಾನು ಯಾಕೆ ಎಂದು ಎಣಿಸಿರಬೇಕು ಎಂದು ಅನಿಸುತ್ತಿತ್ತು. ನನ್ನ ಪಾಲನ್ನು ಅವರು ಸರಿಯಾಗಿ ಕೊಟ್ಟು ಕಳಿಸುತ್ತಿದ್ದರು ಎಂಬುದೂ ಆ ಸಿಟ್ಟಿಗೆ ಲೆಕ್ಕಕ್ಕೆ ಬರಲಿಲ್ಲ.

ತಿಂಗಳು ಮುಗಿದು, ಮೆಲ್ಲಗೆ ಮಾತಾಡಬಹುದು ಎಂದು ಡಾಕ್ಟರು ಅಪ್ಪಣೆ ಕೊಟ್ಟ ಮಾರನೆಯ ದಿನ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಾಕನ ಜೀಪು ಬಂತು. ನಿಲ್ಲಿಸಿ, ಬಾ ಎಂದು ಕೈ ಮಾಡಿದರು. ನನ್ನ ಸೀಟಿನಲ್ಲಿ ನೋಟಿಸಿನ ಕಟ್ಟು ಕೂತಿತ್ತು. ಅದನ್ನು ಸರಿಸಿ ಹತ್ತಿದೆ. ಕಲ್ಲಡ್ಕದ ಕಡೆಗೆ ಹೊರಟೆವು. ತಲೆಯ ಮೇಲೆ ನನ್ನ ಸ್ವರ ಊರನ್ನೆಲ್ಲ ಕರೆಯುತ್ತಿತ್ತು, ನಾನು ಕೆಳಗೆ ಕೈ ಕಟ್ಟಿಕೊಂಡು ಕೂತಿದ್ದೆ.

ಆಗ ನನಗೆ ಹೊಳೆದದ್ದು ಒಂದು ವಿಚಿತ್ರ. ಅಷ್ಟು ವರ್ಷ ಈ ಜೀಪಿನಲ್ಲಿ ಒಟ್ಟಿಗೆ ತಿರುಗಿದವರು ನಾವು, ಓಡುವ ಜೀಪಿನಲ್ಲಿ ಒಮ್ಮೆಯೂ ಪರಸ್ಪರ ಮಾತಾಡಿದವರಲ್ಲ. ನನ್ನ ಬಾಯಿ ಯಾವಾಗಲೂ ಊರಿನವರ ಹತ್ತಿರ ಇರುತ್ತಿತ್ತು. ಇವತ್ತು ಬಾಯಿ ಬಿಡುವಾಗಿದೆ, ಕೇಳಿಯೇ ಬಿಡುವ ಎಂದುಕೊಂಡೆ. ಒಬ್ಬರೇ ಹೋಗಲಿಕ್ಕೆ ಬೇಸರ ಆಗುವುದಿಲ್ಲವಾ ಎಂದು ಕೇಳಿದೆ. ಕಾಕ ರಸ್ತೆ ನೋಡುತ್ತಿದ್ದರು. ಸ್ವಲ್ಪ ಬಿಟ್ಟು, ನನ್ನ ಮೇಲೆ ಬೇಸರವಾ ಎಂದೆ. ಅದಕ್ಕೂ ಉತ್ತರವಿಲ್ಲ. ಮೂರನೆಯ ಸಲ ಕೇಳುವಾಗ ನನ್ನ ಸ್ವರ ಸ್ವಲ್ಪ ಬಿರುಸಾಗಿತ್ತು. ಅವರು ಕೋಲು ಎಳೆದು ಗೇರು ಬದಲಿಸಿದರು, ಅಷ್ಟೆ. ಇನ್ನು ಈ ಮನುಷ್ಯನ ಹತ್ತಿರ ಮಾತೇ ಬೇಡ ಎಂದು ಹಲ್ಲು ಕಚ್ಚಿ ಕೂತೆ.

ಕಲ್ಲಡ್ಕದಲ್ಲಿ ಹೋಟೆಲಿನ ಎದುರು ಜೀಪು ನಿಲ್ಲಿಸಿ ಸಿ.ಡಿ. ಬಂದ್ ಮಾಡಿದರು. ಈಗ ಸದ್ದೇನೂ ಇಲ್ಲ. ಕೊನೆಯ ಸಲ ಎಂದು ಕೂತಲ್ಲಿಂದಲೇ, ಗಂಟಲು ನೆನಪಾಗಿ ಮೆಲ್ಲಗೆ, ಅದೇ ಮಾತು ಕೇಳಿದೆ. ಅವರು ಬೀಗದ ಕೈ ತೆಗೆದು, ಟೊಪ್ಪಿ ಸರಿಮಾಡಿಕೊಂಡು, ಏನೂ ಕೇಳದವರ ಹಾಗೆ ಇಳಿದರು. ನನಗೆ ತಡೆಯಲಾಗಲಿಲ್ಲ. ಇಳಿದು ಜೀಪಿನ ಮುಂದಿನಿಂದ ಸುತ್ತು ಹಾಕಿ ಅವರ ಬಲಬದಿಗೆ ಹೋಗಿ ನಿಂತು, ಕಾಕ, ನನ್ನ ಹತ್ತಿರ ಮಾತು ಬಿಟ್ಟಿದ್ದೀರಾ ಎಂದೆ. ಕೂಡಲೇ ತಿರುಗಿ, ಯಾರು ಹೇಳಿದ್ದು ಎಂದು ಗಾಬರಿಯಲ್ಲಿ ಕೇಳಿದರು. ದಾರಿಯುದ್ದಕ್ಕೂ ಕೇಳಿದೆನಲ್ಲ, ಉತ್ತರ ಕೊಡಲಿಲ್ಲವಲ್ಲ ಎಂದೆ.

ಕಾಕ ಬೀಗದ ಕೈಯಿಂದ ತನ್ನ ಎಡಗಿವಿಯನ್ನು ಮುಟ್ಟಿ ತೋರಿಸಿದರು.

"ಇದು ಇಲ್ಲ ಮಾರಾಯ. ಹೋಗಿ ಸುಮಾರು ವರ್ಷ ಆಯ್ತು."

ನನಗೆ ಮೊದಲು ಅರ್ಥವಾಗಲಿಲ್ಲ. ಅವರ ಎಡಗಡೆ ಏನಿತ್ತು ಎಂದು ನೆನಪು ಮಾಡಿಕೊಂಡೆ. ಅವರ ಎಡಗಡೆ ನಾನಿದ್ದೆ. ಡಾಕ್ಟರಿಗೆ ತೋರಿಸಲಿಲ್ಲವಾ ಎಂದು ಕೇಳಿದರೆ, ತೋರಿಸಿದ್ದೇನೆ, ಸದ್ದಿನಿಂದ ಹೋದದ್ದು ಬರುವುದಿಲ್ಲ ಎಂದಿದ್ದಾರೆ ಎಂದರು. ನಾಳೆ ಹಾಲು ಬೇಡ ಎಂದು ಹೇಳುವ ಹಾಗೆ ಹೇಳಿದರು. ಹಾಗಾದರೆ ಮೂಡುಬಿದಿರೆಯ ಅಂಗಡಿಯಲ್ಲಿ ಹೇಗೆ ಆರಿಸಿದಿರಿ ಎಂದೆ. ಬಲಗಿವಿಗೆ ಮೂರೂ ಒಂದೇ ಥರ ಕೇಳಿತಂತೆ. 'ಗೊತ್ತಾಗುವುದಿಲ್ಲ' ಎಂದರೆ ನಾನು ಪುನಃ ಗಲ್ಫಿಗೆ ಫೋನು ಮಾಡಿ ತಲೆ ಕೆಡಿಸಿಕೊಳ್ಳುತ್ತೇನೆ ಎಂದು ಅಂಗೈ ಇಟ್ಟಾಗ ಕಡಿಮೆ ನಡುಗಿದ ಲ್ಯಾಪ್‌ಟಾಪನ್ನು ತೋರಿಸಿಬಿಟ್ಟರಂತೆ. ನಾನು ನಗಬೇಕಿತ್ತು, ಆಗಲಿಲ್ಲ.

ಎಷ್ಟು ವರ್ಷ! ನನ್ನ ಗಂಟಲಿನ ಒಂದು ಗಂಟಿಗೆ ನಾನು ಡಾಕ್ಟರು, ಸ್ಟುಡಿಯೊ, ಗಲ್ಫು, ಅಂಗಡಿ ಎಂದು ಲೋಕವನ್ನೆಲ್ಲ ಸುತ್ತಿದ್ದೆ. ಆ ಗಂಟಲಿನಿಂದ ಹೊರಟದ್ದು ಪಕ್ಕದಲ್ಲಿ ಕೂತವರ ಕಿವಿಯನ್ನು ತಿಂದದ್ದು ನನಗೆ ಗೊತ್ತೇ ಇರಲಿಲ್ಲ. ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದೆ. ಸ್ವರ ಎತ್ತಬಾರದು ಎಂಬುದೂ ಮರೆತುಹೋಗಿತ್ತು, ಹೋಟೆಲಿನ ಬಾಗಿಲಲ್ಲಿದ್ದವರು ತಿರುಗಿ ನೋಡಿದರು.

"ಹೇಳಿದ್ರೆ ನೀನು ಮೆಲ್ಲಗೆ ಹೇಳ್ತಿದ್ದೆ" ಎಂದರು ಕಾಕ. "ಮೆಲ್ಲಗೆ ಹೇಳಿದ್ರೆ ಜನ ಬರ್ತಾರಾ?"

ಚಾ ಕುಡಿದೆವು. ಏನು ಮಾತಾಡಿದೆವೆಂದು ನೆನಪಿಲ್ಲ, ನಾನು ಅವರ ಬಲಬದಿಯಲ್ಲಿ ಕೂತಿದ್ದೆ ಎಂಬುದಷ್ಟೇ ನೆನಪು. ಹೊರಗೆ ಬಂದು ಅವರು ಸ್ಟಿಯರಿಂಗಿನ ಹಿಂದೆ ಕೂತು ಸಿ.ಡಿ. ಹಾಕಿದರು. ನಾನು ಎಡಗಡೆಯ ಬಾಗಿಲಿನ ಹತ್ತಿರ ಹೋಗಿ, ನಿಂತು, ಜೀಪಿನ ಹಿಂದಕ್ಕೆ ಹೋದೆ. ಹಿಂದಿನಿಂದ ಹತ್ತಿ ಬಲಬದಿಯ ಸೀಟಿನಲ್ಲಿ ಅವರ ಬೆನ್ನಿಗೆ ತಾಗಿ ಕೂತೆ. ಮುಂದಿನ ಊರು ಮಾಣಿ ಬರುವವರೆಗೂ ಅವರ ಬಲಗಿವಿಯ ಹತ್ತಿರ ಬಗ್ಗಿ, ಡಾಕ್ಟರು ಹೇಳಿದಷ್ಟೇ ಮೆಲ್ಲಗೆ, ಮನೆಯ ವಿಷಯ, ಮಗಳ ವಿಷಯ, ಅಷ್ಟು ವರ್ಷ ಕೇಳದೆ ಉಳಿದದ್ದನ್ನೆಲ್ಲ ಕೇಳುತ್ತ ಹೋದೆ. ಅವರು ಪ್ರತಿಯೊಂದಕ್ಕೂ ಉತ್ತರ ಕೊಟ್ಟರು.